ನಾನು ಬರೆದ ಮಳೆ

ಮೂವತ್ತು ವರ್ಷ ನಾನು ಒಂದು ಸಣ್ಣ ವಿಶ್ವವಿದ್ಯಾಲಯದಲ್ಲಿ ಮಳೆ ಅಳೆಯುವ ಕೆಲಸದಲ್ಲಿದ್ದೆ. ಅಲ್ಲಿಯವರು ಮೊನ್ನೆ ಮೊನ್ನೆಯವರೆಗೂ ನನ್ನನ್ನು ಹಾಗೆಯೇ ನೆನೆಯುತ್ತಿದ್ದರು. ಆ ಮೂವತ್ತರಲ್ಲಿ ಕೊನೆಯ ಕೆಲವು ವರ್ಷ ನಾನು ಮಳೆಯನ್ನು ಅಳೆಯದೆಯೇ ಬರೆದೆ. ಅದರಿಂದ ಒಬ್ಬ ಹುಡುಗಿಯ ಓದು ನಿಂತುಹೋಯಿತು. ಬಹಳ ವರ್ಷ ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಈಗ ಹೇಳುತ್ತಿರುವುದಕ್ಕೆ ಧೈರ್ಯ ಬಂದದ್ದೇನೂ ಕಾರಣವಲ್ಲ. ಬಚ್ಚಿಟ್ಟುಕೊಂಡು ತಿರುಗುವುದು ಸಾಕಾಗಿದೆ, ಅಷ್ಟೇ.

ಬಾಗಲಕೋಟೆಯಿಂದ ಹುನಗುಂದದ ಕಡೆ ಹೋಗುವ ರಸ್ತೆಯಲ್ಲಿ, ಎರೆ ಹೊಲ ಮುಗಿದು ಗರಸು ನೆಲ ಶುರುವಾಗುವಲ್ಲಿ ನಮ್ಮ ವಿದ್ಯಾಲಯ. ಹೆಸರು ದೊಡ್ಡದು, ಜಾಗ ಸಣ್ಣದು. ಸಂಜೆ ಒಂದು ಸುತ್ತು ತಿರುಗಿ ಬರಲು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯಲ್ಲಿ ಯಾರ ಮಗಳನ್ನು ನೋಡಲು ಯಾವ ಊರಿನವರು ಬಂದಿದ್ದರು, ಯಾರಿಗೆ ಬಡ್ತಿ ತಪ್ಪಿತು, ಯಾರ ಮನೆಯ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ ಎಲ್ಲವೂ ತಿಳಿಯುತ್ತಿತ್ತು. ಮೇಲಿನ ಸಾಲಿನ ಮನೆಗಳು ಪ್ರೊಫೆಸರರಿಗೆ, ಕೆಳಗಿನ ಸಾಲಿನವು ನಮ್ಮಂಥವರಿಗೆ. ನಡುವೆ ಬೇವಿನ ಗಿಡಗಳು. ಮೈಸೂರು ಕಡೆಯಿಂದ ಹೊಸದಾಗಿ ಬಂದ ಮೇಷ್ಟರು ಕ್ಯಾಂಟೀನಿನಲ್ಲಿ ‘ಸ್ವಲ್ಪ ಕುಡಿಯಲು ನೀರು ಕೊಡುತ್ತೀರಾ’ ಎಂದರೆ ಕ್ಯಾಂಟೀನಿನವನು ‘ಸಾಹೇಬ್ರು ನಾಟಕದಾಗಿನ ಮಾತ ಆಡ್ತಾರ’ ಎಂದು ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ಎರಡು ವರ್ಷ ಕಳೆದರೆ ಅದೇ ಮೇಷ್ಟರು ‘ಏನ್ಪಾ, ಖಡಕ್ ರೊಟ್ಟಿ ಐತಿಲ್ಲೊ’ ಎನ್ನುವಂತಾಗುತ್ತಿದ್ದರು. ಎಳ್ಳಮಾವಾಸ್ಯೆಗೆ ನಮ್ಮ ಹೆಣ್ಣುಮಕ್ಕಳು ಸಂಶೋಧನೆಯ ತಾಕುಗಳಿಗೂ ಭೂತಾಯಿಯ ಎಡೆಯೆಂದು ಚರಗ ಚೆಲ್ಲಿ ಬರುತ್ತಿದ್ದರು. ಪೈರಿನ ಮೇಲೆ ಸಜ್ಜೆ ಕಡಬು ಬಿದ್ದದ್ದನ್ನು ವಿಜ್ಞಾನಿಗಳು ಕಂಡೂ ಕಾಣದಂತೆ ಇರುತ್ತಿದ್ದರು. ಮಧ್ಯಾಹ್ನ ಅವರೂ ನಮ್ಮ ಜೊತೆ ಗಿಡದ ಕೆಳಗೆ ಕುಳಿತು ಬುತ್ತಿ ಉಣ್ಣುತ್ತಿದ್ದರು.

ಇಂಥ ಜಾಗದಲ್ಲಿ ಸಣ್ಣ ಕೆಲಸದವನಿಗೂ ಒಂದು ಬೆಲೆ ಇರುತ್ತದೆ. ತಂತಿ ಬೇಲಿಯೊಳಗಿನ ಹವಾಮಾನದ ಅಂಗಳ ನನ್ನದು. ಮಳೆ ಮಾಪಕ, ನೀರು ಎಷ್ಟು ಆರಿತೆಂದು ನೋಡುವ ಅಗಲ ಬಾನಿ, ಕಾಲುಗಳ ಮೇಲೆ ನಿಂತ ಬಿಳಿ ಕಟ್ಟಿಗೆಯ ಪೆಟ್ಟಿಗೆ, ಅದರೊಳಗೆ ಉಷ್ಣಮಾಪಕಗಳು. ಬೇಸಿಗೆಯಲ್ಲಿ ವಾಕಿಂಗಿಗೆ ಬಂದವರೆಲ್ಲ ಬೇಲಿಯ ಹತ್ತಿರ ನಿಲ್ಲುತ್ತಿದ್ದರು.

“ನಿನ್ನಿದು ಎಷ್ಟ ಏರಿತ್ರಿ ಕಾಕಾ?”

“ನಲವತ್ತೊಂದೂವರಿ ಮುಟ್ಟಿತ್ರಿ.”

“ಮೊನ್ನಿಗಿಂತ ಅರ್ಧ ಕಡಿಮಿ ಆತಲ್ರಿ. ಹಂಗಾರ ಇವತ್ತ ಸ್ವೆಟರ್ ಹಾಕ್ಕೊಂಡ ಬರಬೇಕಾಗಿತ್ತು.”

ಕುಲಪತಿಯವರೂ ಕಾರಿನ ಗಾಜು ಇಳಿಸಿ ಮಳೆ ಕೇಳುತ್ತಿದ್ದರು. ನಾನು ಹೇಳಿದ ಅಂಕಿಯನ್ನು ಸಂಜೆ ಇಡೀ ಕ್ಯಾಂಪಸ್ಸು ಆಡುತ್ತಿತ್ತು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅಕ್ಷರ ದುಂಡಾಗಿತ್ತು, ಅದಕ್ಕೇ ಈ ಕೆಲಸ ಸಿಕ್ಕಿತು. ಮೊದಲ ದಿನ ಒಬ್ಬ ಹಿರಿಯ ಅಧಿಕಾರಿ ನನ್ನನ್ನು ಮಾಪಕದ ಮುಂದೆ ನಿಲ್ಲಿಸಿ ಹೇಳಿದ್ದರು: “ಮಳಿ ಬರಲಿಲ್ಲಂದ್ರ ಸೊನ್ನಿ ಬರಿ, ಖಾಲಿ ಬಿಡಬ್ಯಾಡ. ನೀ ಬಂದು ನೋಡಲಿಲ್ಲಂದ್ರ ಖಾಲಿ ಬಿಡು, ಸೊನ್ನಿ ಬರೀಬ್ಯಾಡ. ಇಷ್ಟ ತಿಳೀತಂದ್ರ ನಿನಗ ಕೆಲಸ ಬಂತು.” ಅಂಗಳದಲ್ಲಿ ನಿಂತು ಪೆನ್ಸಿಲಿನಲ್ಲಿ ಸಣ್ಣ ಪುಸ್ತಕಕ್ಕೆ ಬರೆದುಕೊಳ್ಳಬೇಕು, ಆಮೇಲೆ ಆಫೀಸಿನಲ್ಲಿ ಕೂತು ಅದನ್ನು ದೊಡ್ಡ ರಜಿಸ್ಟರಿಗೆ ಶಾಯಿಯಲ್ಲಿ ಇಳಿಸಬೇಕು. ತುಂಬಿದ ಪೆನ್ಸಿಲ್ ಪುಸ್ತಕಗಳನ್ನು ಇಡಲು ಆಫೀಸಿನ ಕಪಾಟಿನಲ್ಲಿ ಜಾಗವಿರಲಿಲ್ಲ. ನನ್ನ ಮನೆಯ ಟ್ರಂಕಿನಲ್ಲಿ ಇಟ್ಟುಕೊಂಡೆ.

ನಮ್ಮದು ಬೀರಪ್ಪನ ಒಕ್ಕಲು, ಮಹಾಕೂಟದ ಹತ್ತಿರದ ಊರು. ಅಪ್ಪ ಕುರಿ ಕಾಯುತ್ತಿದ್ದ. ದಾರಿಯಲ್ಲಿ ಇಬ್ಬರು ಕುರುಬರು ಎದುರಾದರೆ ಮೊದಲ ಮಾತು ಎಲ್ಲಿ ಮಳೆಯಾಗಿದೆ ಎಂಬುದು. ಆ ಒಂದು ಮಾತಿನ ಮೇಲೆ ಹಿಂಡು ನಾಲ್ಕು ದಿನ ನಡೆಯುತ್ತದೆ. ಬೇರೆ ಎಲ್ಲದಕ್ಕೂ ಸುಳ್ಳು ಹೇಳುತ್ತಿದ್ದ ಅಪ್ಪ, ಅಮ್ಮನಿಗೆ ಹೇಳುತ್ತಿದ್ದ, ಕಂದಾಯದ ತಲಾಟಿಗೆ ಹೇಳುತ್ತಿದ್ದ. ಮಳೆಯ ವಿಷಯದಲ್ಲಿ ಮಾತ್ರ ಹೇಳಲಿಲ್ಲ. ಆಗದವನು ಕೇಳಿದರೂ ಖರೆ ಹೇಳುತ್ತಿದ್ದ. ಅಂಥವನ ಮಗ ನಾನು.

ಕೆಟ್ಟದ್ದು ಹೇಗೆ ಎಂದು ಹೇಳುತ್ತೇನೆ. ನಿವೃತ್ತಿಗೆ ಏಳೆಂಟು ವರ್ಷ ಇರುವಾಗ ಊರಲ್ಲಿ ಅಣ್ಣ ತೀರಿಕೊಂಡ. ಹೊಲ ನೋಡುವವರಿಲ್ಲದೆ ಹೆಂಡತಿ ಊರಿಗೆ ಹೋಗಿ ನಿಂತಳು. ನಾನು ಶನಿವಾರ ಸಂಜೆ ಬಾಗಲಕೋಟೆಗೆ ಬಂದು ಬಾದಾಮಿ ಬಸ್ಸು ಹಿಡಿಯುತ್ತಿದ್ದೆ, ಸೋಮವಾರ ಹತ್ತರ ಹೊತ್ತಿಗೆ ಕ್ಯಾಂಪಸ್ಸಿಗೆ ಬರುತ್ತಿದ್ದೆ. ಭಾನುವಾರ ಮತ್ತು ಸೋಮವಾರ ಬೆಳಗಿನ ಅಳತೆ ತಪ್ಪುತ್ತಿತ್ತು. ಮೊದಮೊದಲು ಅಲ್ಲಿಯ ತೋಟದ ಮಾಲಿಗೆ ಫೋನು ಮಾಡಿ ಕೇಳುತ್ತಿದ್ದೆ.

“ಲೇ, ಮಳಿ ಬಂತೇನಲೇ ಅಲ್ಲಿ?”

“ಬಂದಂಗಾತು, ಹೋದಂಗಾತು.”

“ಎಷ್ಟ ಬಂತಲೇ?”

“ನನ್ನ ಅಂಗಿ ತೋಯ್ತು, ಚಡ್ಡಿ ತೋಯಲಿಲ್ಲ. ಎಷ್ಟರ ಬರ್ಕೋ.”

ನಾನು ಎರಡು ಮಿಲಿಮೀಟರ್ ಎಂದು ಬರೆಯುತ್ತಿದ್ದೆ. ಸೋಮವಾರ ಬಂದು ಮಾಪಕದಲ್ಲಿ ನಿಂತ ನೀರನ್ನು ಅಳೆದು ತಿದ್ದುತ್ತಿದ್ದೆ. ಖಾಲಿ ಬಿಡಬಹುದಾಗಿತ್ತು. ಆದರೆ ಖಾಲಿ ಬಿಟ್ಟರೆ ಎಲ್ಲಿ ಹೋಗಿದ್ದೆ ಎಂದು ಕೇಳುತ್ತಾರೆ. ಆಮೇಲೆ ಫೋನು ಮಾಡುವುದೂ ನಿಂತಿತು. ಹತ್ತು ಗಂಟೆಗೆ ರಜಿಸ್ಟರು ಸಾಹೇಬರ ಮೇಜಿನ ಮೇಲೆ ಇರಬೇಕು, ಬಸ್ಸು ಒಮ್ಮೊಮ್ಮೆ ತಡ. ನಮ್ಮ ಊರಲ್ಲಿ ಮಳೆಯಾಗಿದ್ದರೆ ಅದನ್ನೇ ಬರೆದೆ, ಆಗಿರದಿದ್ದರೆ ಸೊನ್ನೆ ಬರೆದೆ. ನಮ್ಮ ಕಡೆಯ ಮಳೆ ಎಂಥದೆಂದು ನನಗೆ ಗೊತ್ತಿರಲಿಲ್ಲವೇ? ರಸ್ತೆಯ ಈ ಬದಿಗೆ ಸುರಿದರೆ ಆ ಬದಿಗೆ ಧೂಳು ಹಾರುತ್ತಿರುತ್ತದೆ. ಆದರೂ ನನ್ನ ಶೇಂಗಾ ಹೊಲಕ್ಕೆ ಬಿದ್ದ ಮಳೆಯನ್ನು ವಿದ್ಯಾಲಯದ ಪುಸ್ತಕದಲ್ಲಿ ಬರೆದೆ.

ಬರೆದು ಮುಗಿಸಿದ ಮೇಲೆ ಅಂಗಳಕ್ಕೆ ಹೋಗಿ ಮಾಪಕದಲ್ಲಿದ್ದ ನೀರನ್ನು ನೋಡದೆ ನೆಲಕ್ಕೆ ಚೆಲ್ಲುತ್ತಿದ್ದೆ. ನೋಡಿದರೆ ತಿದ್ದಬೇಕಾಗುತ್ತಿತ್ತು. ಮುಖ ಆ ಕಡೆ ತಿರುಗಿಸಿಕೊಂಡು ಚೆಲ್ಲಿದ್ದು ಇನ್ನೂ ನೆನಪಿದೆ. ಮಂಡಿನೋವು ಶುರುವಾದ ಮೇಲೆ ವಾರದ ನಡುವೆಯೂ ಹೀಗೆ ಮಾಡಿದೆ. ಕಿಟಕಿಯಿಂದ ಆಕಾಶ ನೋಡಿ ಅಂಕಿ ಹಾಕಿದೆ, ನಂಬಿಕೆ ಬರಲೆಂದು ದಶಮಾಂಶದ ಬಿಂದುವಿನ ಮುಂದೆ ಇನ್ನೊಂದು ಅಂಕಿಯನ್ನೂ ಸೇರಿಸಿದೆ. ಪೆನ್ಸಿಲ್ ಪುಸ್ತಕದಲ್ಲಿ ಮಾತ್ರ ಹೋಗದ ದಿನಗಳು ಖಾಲಿಯೇ ಉಳಿದವು. ಅದನ್ನು ಯಾರು ನೋಡುತ್ತಾರೆ ಎಂದು ಬಿಟ್ಟಿದ್ದೆ.

ಆ ಹುಡುಗಿ ಬಂದದ್ದು ಆಗ. ಹುನಗುಂದದವಳು. ಮನೆಯಿಂದಲೇ ಮೊದಲ ಬಸ್ಸಿಗೆ ಬರುತ್ತಿದ್ದಳು. ದಾಳಿಂಬೆ ಎಲೆಗೆ ಬರುವ ಚುಕ್ಕೆ ರೋಗದ ಮೇಲೆ ಪಿಎಚ್‌ಡಿ. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ, ಇಬ್ಬನಿ ಆರುವ ಮೊದಲು ತೋಟದ ಕೊನೆಯ ತಾಕಿಗೆ ಹೋಗಿ ಗುರುತು ಹಾಕಿದ ಎಲೆಗಳ ಮೇಲಿನ ಚುಕ್ಕೆ ಎಣಿಸುತ್ತಿದ್ದಳು. ಮಳೆ ಬಿದ್ದು ಎಷ್ಟು ದಿನಕ್ಕೆ ಹೊಸ ಚುಕ್ಕೆ ಏಳುತ್ತದೆ ಎಂದು ಕಂಡುಹಿಡಿಯುವುದು ಅವಳ ಕೆಲಸ. ಅದು ಗೊತ್ತಾದರೆ ರೈತರು ಔಷಧ ಯಾವಾಗ ಹೊಡೆಯಬೇಕೆಂದು ಹೇಳಬಹುದು. ಚುಕ್ಕೆಯ ಅಂಕಿ ಅವಳದು, ಮಳೆಯ ಅಂಕಿ ನನ್ನ ರಜಿಸ್ಟರಿನದು.

ಗುರುವಾರಗಳಲ್ಲಿ ಬೇಲಿಯ ಹತ್ತಿರ ನಿಂತು ಮಾತಾಡುತ್ತಿದ್ದಳು. “ಕಾಕಾ, ನಿಮ್ಮ ಅಕ್ಷರ ನೋಡಿ ನಮ್ಮ ಅಪ್ಪಗ ತೋರಿಸಬೇಕು ಅನಸ್ತದ್ರಿ. ನನ್ನ ಬರವಣಿಗಿ ಕೋಳಿ ಕೆದರಿದಂಗ ಅಂತ ದಿನಾ ಬೈತಾನ.” ಅಮ್ಮ ಕೊಟ್ಟ ಸಜ್ಜೆ ರೊಟ್ಟಿ, ಪುಂಡಿಪಲ್ಲೆ ಒಮ್ಮೊಮ್ಮೆ ನನಗೂ ತರುತ್ತಿದ್ದಳು. ನಾನು ತಿನ್ನುತ್ತಿದ್ದೆ.

ಎರಡು ವರ್ಷದ ಎಣಿಕೆ ಮುಗಿದಾಗ ವಿಭಾಗದಲ್ಲಿ ಸೆಮಿನಾರು ಇಟ್ಟರು. ಕುರ್ಚಿ ಜೋಡಿಸಿ ಚಹಾ ಕೊಡಲು ನನ್ನನ್ನು ಕರೆದಿದ್ದರು. ಅವಳು ಪರದೆಯ ಮೇಲೆ ಗೆರೆಗಳನ್ನು ತೋರಿಸಿದಳು. ಅವಳ ಚುಕ್ಕೆಗಳಿಗೂ ನನ್ನ ಮಳೆಗೂ ತಾಳೆಯೇ ಇರಲಿಲ್ಲ. ಮಳೆ ಇಲ್ಲದ ವಾರಕ್ಕೆ ಚುಕ್ಕೆ ಎದ್ದಿದ್ದವು, ಮಳೆ ಎಂದು ಬರೆದ ವಾರ ಎಲೆ ಸ್ವಚ್ಛ ಇದ್ದವು. ಅವಳ ಗೈಡ್ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಕೆಲಸದಲ್ಲಿ ಕಟ್ಟುನಿಟ್ಟು, ಮಾತು ಹರಿತ.

“ಇದೇನವಾ ಇದು? ಒಣ ವಾರದಾಗ ರೋಗ ಬಂದೇತಲ್ಲ.”

“ಸರ, ಆ ಸೋಮವಾರ ಮುಂಜಾನೆ ನೆಲ ಹಸಿ ಇತ್ರಿ. ನನ್ನ ನೋಟ್ಸ್‌ನ್ಯಾಗ ಬರದೀನಿ.”

“ರಜಿಸ್ಟರ್ ಸೊನ್ನಿ ಅಂತೇತಿ. ನಿನ್ನ ನೋಟ್ಸ್ ನಂಬ್ಲೋ, ಇಷ್ಟ ವರ್ಷದ ರಜಿಸ್ಟರ್ ನಂಬ್ಲೋ?”

ಅವಳು ನೋಟ್ಸ್ ತೆರೆದು ಆ ಪುಟ ಹುಡುಕತೊಡಗಿದಳು. ಗೈಡ್ ಸುತ್ತಲೂ ನೋಡಿ, “ಸೋಮವಾರ ಖರೇನ ಬರ್ತಿದ್ದೇನು? ಇಲ್ಲಾ, ರವಿವಾರದ ಸುಖಕ್ಕ ಮನ್ಯಾಗ ಕುಂತು ಬರದೀಯೋ?” ಎಂದರು. ಕೆಲವರು ನಕ್ಕರು.

“ಬರ್ತಿದ್ದೆ ಸರ. ಕಾಕಾನ್ನ ಕೇಳ್ರಿ. ಅವರ ಅಂಗಳದ ಮುಂದನ ಹಾದು ಹೋಗ್ತೇನಿ.”

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಚಹಾದ ಟ್ರೇ ಇತ್ತು.

“ಹೇಳ್ರಿ ಕಾಕಾ. ಸೋಮವಾರ ಮುಂಜಾನೆ ಈಕಿನ್ನ ನೋಡೀರೇನು?”

“ನಾ ನೋಡಿಲ್ರಿ ಸರ,” ಎಂದೆ.

ಆ ಮಾತಿನಲ್ಲಿ ಸುಳ್ಳಿಲ್ಲ. ಸೋಮವಾರ ಬೆಳಿಗ್ಗೆ ನಾನು ಬಾದಾಮಿ ಬಸ್‌ಸ್ಟ್ಯಾಂಡಿನಲ್ಲಿ ಇರುತ್ತಿದ್ದೆ, ಅವಳನ್ನು ನೋಡುವುದು ಎಲ್ಲಿಂದ? ನನ್ನ ಜೀವಮಾನದಲ್ಲಿ ಆಡಿದ ಅತಿ ಕೆಟ್ಟ ಮಾತು ನಿಜವಾದ ಮಾತಾಗಿತ್ತು. ‘ನಾನೇ ಇರುತ್ತಿರಲಿಲ್ಲ’ ಎಂಬ ಇನ್ನೊಂದು ಮಾತು ಸೇರಿಸಿದ್ದರೆ ಮುಗಿಯುತ್ತಿತ್ತು. ಸೇರಿಸಲಿಲ್ಲ. ಟ್ರೇ ಹಿಡಿದುಕೊಂಡು ಎರಡನೆಯ ಸಾಲಿಗೆ ಚಹಾ ಕೊಡಲು ಹೋದೆ. ಅವಳು ನನ್ನನ್ನು ನೋಡಿದಳು, ಸಿಟ್ಟಿನಿಂದಲ್ಲ. ಲೆಕ್ಕ ತಪ್ಪಿದವರು ಮತ್ತೊಮ್ಮೆ ಮೊದಲಿನಿಂದ ನೋಡುವ ಹಾಗೆ.

ಎರಡು ದಿನ ಬಿಟ್ಟು ಬೇಲಿಯ ಹತ್ತಿರ ಬಂದಳು. “ಕಾಕಾ, ಪೆನ್ಸಿಲ್ ಪುಸ್ತಕದಿಂದ ರಜಿಸ್ಟರಿಗೆ ಇಳಿಸೂ ಮುಂದ ಎಲ್ಲೆರ ಒಂದು ಸಾಲು ಹೆಚ್ಚುಕಡಿಮಿ ಆಗಿರಬೇಕ್ರಿ. ಆ ಪುಸ್ತಕ ಒಮ್ಮಿ ಕೊಡ್ತೀರೇನು? ಇಲ್ಲೇ ಕುಂತು ನೋಡಿ ಕೊಟ್ಟು ಬಿಡ್ತೇನಿ.”

ಆಗಲೂ ಅವಳು ನನ್ನನ್ನು ನಂಬಿದ್ದಳು. ಕೈತಪ್ಪು ಎಂದುಕೊಂಡಿದ್ದಳು.

“ಅವು ಗೆದ್ದಲಾ ಹಿಡದಿದ್ವು ತಂಗಿ. ಹೋದ ವರ್ಷನ ಒಗದೀನಿ,” ಎಂದೆ.

ಆ ಶನಿವಾರ ಟ್ರಂಕಿನಲ್ಲಿದ್ದ ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬಿ ಊರಿಗೆ ತಂದೆ. ಭಾನುವಾರ ಬೆಳಿಗ್ಗೆ ಹೆಂಡತಿ ಬಚ್ಚಲ ಒಲೆಗೆ ಉರಿ ಹಾಕುತ್ತಿದ್ದಳು. ನಾನು ಒಂದೊಂದಾಗಿ ಒಳಗೆ ನೂಕಿದೆ.

“ಏನ್ರಿ ಅವು?”

“ಹಳೇ ಕಾಗದ.”

“ನಿಮ್ಮ ಬರವಣಿಗಿ ಐತಲ್ರಿ. ಬೇಕಾದೀತು.”

“ಯಾರಿಗೆ ಬೇಕು? ನೀರು ಕಾಯಲಿ ಬಿಡು.”

ಕೊನೆಯ ಎಂಟೋ ಹತ್ತೋ ಪುಸ್ತಕ ಸುಟ್ಟರೆ ಸಾಕಾಗಿತ್ತು. ಗಾಬರಿಯಲ್ಲಿ ಎಲ್ಲವನ್ನೂ ಸುಟ್ಟೆ. ಇಪ್ಪತ್ತು ವರ್ಷಕ್ಕೂ ಮೇಲೆ ಮಳೆ ಇರಲಿ ಚಳಿ ಇರಲಿ, ಮಗಳ ಮದುವೆಯ ದಿನವೂ ಸೈಕಲ್ಲು ತುಳಿದು ಹೋಗಿ ಬರೆದ ಅಂಕಿಗಳು ಅದರಲ್ಲಿ ಇದ್ದವು. ಅವುಗಳಿಂದ ಕಾದ ನೀರಿನಲ್ಲಿ ಅವತ್ತು ಸ್ನಾನ ಮಾಡಿದೆ.

ಅವಳ ಎರಡು ವರ್ಷದ ಎಣಿಕೆಯನ್ನು ಗೈಡ್ ಒಪ್ಪಲಿಲ್ಲ. ಮತ್ತೆ ಮೊದಲಿನಿಂದ ಮಾಡು ಎಂದರು. ಅವಳ ಫೆಲೋಶಿಪ್ಪಿಗೆ ಉಳಿದದ್ದು ಕೆಲವೇ ತಿಂಗಳು. ಅಪ್ಪನನ್ನು ಆಫೀಸಿಗೆ ಕರೆಸಿದರು ಎಂದು ಕ್ಯಾಂಟೀನಿನಲ್ಲಿ ಕೇಳಿದೆ. ಸ್ವಲ್ಪ ದಿನಕ್ಕೆ ಅವಳು ಬಿಟ್ಟು ಹೋದಳು. ಹೋಗುವ ದಿನ ಅಂಗಳದ ಮುಂದೆ ನಿಂತು, “ಇವತ್ತಿಂದು ಎಷ್ಟ ಐತ್ರಿ ಕಾಕಾ?” ಎಂದು ಕೇಳಿದಳು. ಹೇಳಿದೆ. “ಬರ್ತೇನ್ರಿ,” ಎಂದು ಹೋದಳು. ಆಮೇಲೆ ಒಂದು ತಿಂಗಳು ನಾನು ಭಾನುವಾರವೂ ಊರಿಗೆ ಹೋಗದೆ ದಿನಾ ಅಳೆದೆ. ಆಮೇಲೆ ಮತ್ತೆ ಹಳೆಯ ಹಾಗೆಯೇ ಆಯಿತು. ಪಶ್ಚಾತ್ತಾಪ ಎನ್ನುವುದು ನನ್ನಲ್ಲಿ ಒಂದು ತಿಂಗಳ ಸರಕು ಆಗಿತ್ತು, ಇದನ್ನೂ ಹೇಳಿಬಿಡಬೇಕು.

ನಿವೃತ್ತಿಯಾಗಿ ಏಳು ವರ್ಷ. ಈಗ ಅಂಗಳದಲ್ಲಿ ತಾನೇ ಅಳೆದು ತಾನೇ ಕಳಿಸುವ ಯಂತ್ರ ಬಂದಿದೆಯಂತೆ. ಈ ಮಳೆಗಾಲದ ಕೊನೆಗೆ ವಿಭಾಗದಿಂದ ಫೋನು ಬಂತು. ಮಾತಾಡಿದವರು ಅದೇ ಗೈಡ್, ಈಗ ವಿಭಾಗದ ಮುಖ್ಯಸ್ಥರು. ಮೂವತ್ತು ವರ್ಷದ ಮಳೆಯ ಅಂಕಿಗಳನ್ನು ಸೇರಿಸಿ ಪುಸ್ತಕ ತರುತ್ತಿದ್ದಾರೆ, ಅದರ ಬಿಡುಗಡೆಯ ದಿನ ನನಗೆ ಸನ್ಮಾನ.

“ಒಂದ ದಿನಾನೂ ತಪ್ಪಿಸಲಾರದ ಮನಷ್ಯಾ ನೀವು, ಕಾಕಾ. ಮುನ್ನುಡಿಯೊಳಗ ಬರದೀನಿ. ಮನಿಯವರನ್ನೂ ಕರಕೊಂಡ ಬರ್ರಿ.”

ಹೆಂಡತಿ ಪೆಟ್ಟಿಗೆಯಿಂದ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಮೊಮ್ಮಗಳು ಊರೆಲ್ಲ ಹೇಳಿ ಬಂದಳು. ಶಾಲು ಹೊದಿಸುತ್ತಾರೆ, ಮೈಸೂರು ಪೇಟ ಇಡುತ್ತಾರೆ, ಹಣ್ಣಿನ ಬುಟ್ಟಿ ಕೊಡುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆ ಹುಡುಗಿಯನ್ನು ನೋಡದೆ ಅದನ್ನು ಹೊದೆಯಲು ಆಗುವುದಿಲ್ಲ ಅನಿಸಿತು. ಕ್ಯಾಂಟೀನಿನವನಿಗೆ ಫೋನು ಮಾಡಿದೆ. ಅಲ್ಲಿ ಓದಿ ಹೋದವರು ಎಲ್ಲೆಲ್ಲಿ ಇದ್ದಾರೆ ಎಂಬುದು ಅವನಿಗೆ ಗೊತ್ತಿರುತ್ತದೆ. ಇಳಕಲ್ಲಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ, ಮದುವೆಯಾಗಿದೆ ಎಂದ.

ಭಾನುವಾರ ಇಳಕಲ್ಲಿಗೆ ಹೋದೆ. ಬಸ್‌ಸ್ಟ್ಯಾಂಡಿನಿಂದ ಕೇಳುತ್ತಾ ಕೇಳುತ್ತಾ ಮನೆ ಮುಟ್ಟುವ ಹೊತ್ತಿಗೆ ಕಾಲು ಸೋತಿದ್ದವು. ಅವಳು ಪಡಸಾಲೆಯಲ್ಲಿ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಒಂದು ಕ್ಷಣ ನೋಡಿ ಎದ್ದಳು.

“ಕಾಕಾ? ಏನ್ರಿ ಇಷ್ಟ ದೂರ? ಬರ್ರಿ, ಕುಂಡ್ರಿ. ಮಂಡಿ ನೋವು ಹೆಂಗೈತ್ರಿ?”

ನೀರು ತಂದುಕೊಟ್ಟಳು. ಕುಡಿಯುವ ಮೊದಲೇ ಹೇಳಿಬಿಟ್ಟೆ. ಶನಿವಾರದ ಬಸ್ಸು, ಊರಿನ ಮಳೆ, ಚೆಲ್ಲಿದ ನೀರು, ಎಲ್ಲ. ಅವಳು ಕೆಂಪು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

“ಸೋಮವಾರ ನಿಮ್ಮ ಅಂಗಳದ ಗೇಟಿಗೆ ಕೀಲಿ ಇರ್ತಿತ್ತು,” ಎಂದಳು. “ನೀವು ನಸಿಕಿನ್ಯಾಗ ಬಂದು ಮುಗಿಸಿ ಹೋಗಿರ್ತೀರಿ ಅನ್ಕೊಂಡಿದ್ದೆ. ಹೋಗೂ ಮುಂದ ದೂರದಿಂದರ ನನ್ನ ನೋಡಿರ್ತೀರಿ ಅಂತ ಅವತ್ತ ನಿಮ್ಮನ್ನ ಕೇಳ್ರಿ ಅಂದೆ. ನಿಮಗಿಂತ ಮೊದಲ ಬರಬೇಕು ಅಂತ ಒಂದೆರಡು ಸಲ ಓಡಿ ಬಂದೀನಿ.”

ಅವಳು ಒಳಗೆ ಹೋಗಿ ಒಂದು ಹಳೆಯ ನೋಟ್‌ಬುಕ್ಕು ತಂದಳು. ಧೂಳು ಒರೆಸಿ ನನ್ನ ಮುಂದೆ ತೆರೆದಳು. ಬರವಣಿಗೆ ಅವಳ ಅಪ್ಪ ಬೈಯುತ್ತಿದ್ದ ಹಾಗೆಯೇ ಇತ್ತು.

“ಇದು ನೋಡ್ರಿ. ಸೋಮವಾರ, ನೆಲ ಹಸಿ. ರಜಿಸ್ಟರಿನ್ಯಾಗ ಸೊನ್ನಿ. ಅವತ್ತ ನೀವು ಇರಲಿಲ್ಲ. ಹೌದಲ್ರಿ?”

“ಇರಲಿಕ್ಕಿಲ್ಲವ್ವ.”

“ಇದು ಗುರುವಾರ. ಇದರ ಹಿಂದಿನ ದಿನ ಹದಿನಾರು ಮಿಲಿಮೀಟರ್ ಅಂತ ಬರದೀರಿ. ಇದು ಖರೇನೋ, ಸುಳ್ಳೋ?”

“ನೆನಪಿಲ್ಲವ್ವ.”

“ಯಾವ ದಿನ ಖರೆ ಅಂತ ಅಷ್ಟ ಹೇಳ್ರಿ, ಸಾಕು. ಉಳದದ್ದು ಬಿಟ್ಟು ನೋಡೋಣಂತ. ಪೆನ್ಸಿಲ್ ಪುಸ್ತಕ ಖರೇನ ಗೆದ್ದಲಾ ತಿಂದ್ವೇನು?”

“ಇಲ್ಲ. ನೀ ಕೇಳಿದ ಮ್ಯಾಲ ಸುಟ್ಟೆ. ಎಲ್ಲಾನೂ.”

ಅವಳು ನೋಟ್‌ಬುಕ್ಕು ಮುಚ್ಚಿದಳು. ಪಕ್ಕದ ಮನೆಯ ಮಗ್ಗದ ಸದ್ದು ಬಹಳ ಹೊತ್ತು ಕೇಳಿತು. “ನಿನಗ ಭಾಳ ಅನ್ಯಾಯ ಮಾಡ್ಬಿಟ್ಟೆ, ಮಾಫ್ ಮಾಡವ್ವ,” ಎಂದೆ.

“ಮಾಫಿ ಕೊಟ್ರ ನೀವು ಹಗೂರಾಗಿ ಬಸ್ ಹತ್ತಿ ಹೋಗ್ತೀರಿ, ಕಾಕಾ. ನನಗೇನು ಉಳೀತು?” ಅವಳ ದನಿ ಏರಲಿಲ್ಲ. “ಡಿಗ್ರಿ ಹೋತು, ಹೋಗಲಿ. ಸಾಲಿ ಕೆಲಸ ನನಗೇನೂ ಬ್ಯಾಸರ ಇಲ್ಲ. ಅವರು ನಮ್ಮ ಅಪ್ಪನ್ನ ಕರಿಸಿ, ನಿನ್ನ ಮಗಳು ಹೊಲಕ್ಕ ಬರಲಾರದ ಸುಳ್ಳು ಬರದಾಳ, ಸೋಮವಾರ ಆಕಿನ್ನ ಯಾರೂ ನೋಡಿಲ್ಲ ಅಂದ್ರು. ಅಪ್ಪ ಮೊದಲ ಬಸ್ಸಿಗೆ ನನ್ನ ಕೂಡ್ಸಿ ಹೋಗಾವ. ನನ್ನ ಮಗಳು ಬಸ್ ಹತ್ತಿ ಎಲ್ಲಿಗೆ ಹೋಗ್ತಿದ್ದಳು ಅಂತ ಅವನ ತಲ್ಯಾಗ ಬಂತು. ಇವತ್ತಿನ ತನಕ ಬಾಯಿ ಬಿಟ್ಟು ಕೇಳಿಲ್ಲ. ಆದ್ರ ಹತ್ತು ವರ್ಷ ಆತು, ನನ್ನ ಮುಖ ನೋಡಿ ನೆಟ್ಟಗ ಮಾತಾಡಿಲ್ಲ.”

ನಾನು ಗೋಡೆಗೆ ಒರಗಿ ಕುಳಿತೆ.

“ನೀವು ಬರದು ಕೊಡ್ರಿ,” ಎಂದಳು. “ನನಗಲ್ಲ, ಅಲ್ಲಿಗೆ. ಒಂದು ಪ್ರತಿ ನನಗ ಕಳಸ್ರಿ. ಚಹಾ ಕುಡದು ಹೋಗ್ರಿ.” ಚಹಾ ತಂದಿಟ್ಟು ಉತ್ತರ ಪತ್ರಿಕೆಗೆ ಕುಳಿತಳು. ನಾನು ಹೊರಟಾಗ ತಲೆ ಎತ್ತಲಿಲ್ಲ.

ಆ ಪತ್ರವನ್ನು ನಾಲ್ಕು ಸಲ ಬರೆದೆ. ಮೊದಲನೆಯದರಲ್ಲಿ ಕೊನೆಯ ಏಳು ವರ್ಷದ ಅಂಕಿ ಮಾತ್ರ ಸುಳ್ಳು ಎಂದು ಬರೆದೆ. ಹಾಗೆ ಬರೆದರೆ ಉಳಿದದ್ದಾದರೂ ನನ್ನದಾಗಿ ಉಳಿಯುತ್ತದೆ ಎಂಬ ಆಸೆ. ಆದರೆ ಅದಕ್ಕೆ ಸಾಕ್ಷಿ ಏನು? ಸಾಕ್ಷಿಯನ್ನು ಬಚ್ಚಲ ಒಲೆಗೆ ಹಾಕಿದವನು ನಾನೇ. ಕೊನೆಗೆ ಹೀಗೆ ಬರೆದೆ: ಕೊನೆಯ ವರ್ಷಗಳಲ್ಲಿ ಅಳೆಯದೆ ಬರೆದಿದ್ದೇನೆ, ಯಾವ ದಿನ ಎಂದು ಹೇಳಲಾರೆ, ಮೂಲ ಪುಸ್ತಕಗಳನ್ನು ನಾನೇ ಸುಟ್ಟಿದ್ದೇನೆ, ಆದ್ದರಿಂದ ನನ್ನ ಕೈಬರಹದ ಯಾವ ಅಂಕಿಯ ಮೇಲೂ ಭರವಸೆ ಇಡಬಾರದು. ಸೆಮಿನಾರಿನ ದಿನ ಆ ವಿದ್ಯಾರ್ಥಿನಿಯನ್ನು ಸೋಮವಾರ ನೋಡಿಲ್ಲ ಎಂದು ಹೇಳಿದ್ದು, ಸೋಮವಾರ ಬೆಳಿಗ್ಗೆ ನಾನೇ ಅಲ್ಲಿ ಇರುತ್ತಿರಲಿಲ್ಲವಾದ್ದರಿಂದ. ಅವಳು ಬರೆದ ‘ನೆಲ ಹಸಿ’ ನಿಜ.

ಬರೆದದ್ದನ್ನು ಹೆಂಡತಿಗೆ ಓದಿದೆ. ಅವಳು ಬಿಸಿಲಿಗೆ ಹಾಕಿದ್ದ ಸೀರೆಯನ್ನು ಮಡಚಿ ಪೆಟ್ಟಿಗೆಗೆ ಇಟ್ಟಳು. “ಅವತ್ತ ನೀರು ಭಾಳ ಕಾದಿತ್ತು,” ಎಂದಳು.

ಪತ್ರ ತೆಗೆದುಕೊಂಡು ವಿಭಾಗಕ್ಕೆ ಹೋದೆ. ಮುಖ್ಯಸ್ಥರು ಅದನ್ನು ಓದಿ ಕನ್ನಡಕ ತೆಗೆದರು.

“ಆವಾಗ ಹೇಳಬೇಕಾಗಿತ್ತು, ಕಾಕಾ.”

“ಹೌದ್ರಿ.”

“ಈಗ ಯಾರಿಗೆ ಉಪಯೋಗ? ಪುಸ್ತಕ ಅಚ್ಚಾಗೇತಿ. ನನ್ನವೂ ಎಷ್ಟೋ ಲೇಖನ ಈ ಅಂಕಿ ಮ್ಯಾಲನ ನಿಂತಾವು. ಈಗಿನ ಹುಡುಗರದೂ ಹಂಗ. ಇದನ್ನ ಹೊರಗ ಬಿಟ್ರ ಎಲ್ಲಿ ಮಟ ಹೋಗಿ ನಿಲ್ತೇತಿ ಗೊತ್ತೈತೇನ್ರಿ?” ಸ್ವಲ್ಪ ಹೊತ್ತು ಬಿಟ್ಟು, “ನೀವು ವಯಸ್ಸಾದವರು. ಮನಸ್ಸಿಗೆ ಹಚ್ಚಿಕೊಂಡೀರಿ. ಇದು ನನ್ನ ಕಡೆ ಇರಲಿ,” ಎಂದು ಡ್ರಾಯರು ಎಳೆದರು. ಒಳಗೆ ಹಾಕುವ ಮೊದಲು ಪತ್ರದ ಕೊನೆಯ ಸಾಲುಗಳನ್ನು ಇನ್ನೊಮ್ಮೆ ಓದಿದರು. ಅವತ್ತು ಅಷ್ಟು ಜನರ ಎದುರು ಅವಳಿಗೆ ತಾವು ಏನು ಅಂದಿದ್ದರೆಂದು ಅವರಿಗೂ ನೆನಪಾಗಿರಬೇಕು. ಆದರೆ ಅವರ ಮೇಲೆ ನಾನು ಏನೂ ಹೊರಿಸಲಾರೆ. ಅವರು ನಂಬಿದ್ದು ನನ್ನ ದುಂಡು ಅಕ್ಷರವನ್ನು.

“ಇನ್ನೆರಡು ಪ್ರತಿ ತಂದೀನ್ರಿ ಸರ. ಒಂದನ್ನ ಆವಕಕ್ಕ ಕೊಟ್ಟು ಹೋಗ್ತೇನಿ,” ಎಂದೆ.

ಅವರು ನನ್ನನ್ನು ನೋಡಿದರು. ಆಫೀಸಿನಲ್ಲಿ ಮೂವತ್ತು ವರ್ಷ ಇದ್ದವನಿಗೆ ಒಂದು ಗೊತ್ತಿರುತ್ತದೆ. ಬಂದ ಕಾಗದಗಳ ಪುಸ್ತಕದಲ್ಲಿ ಆವಕ ಸಂಖ್ಯೆ ಬೀಳದ ಕಾಗದ ಕಾಗದವೇ ಅಲ್ಲ, ಬಿದ್ದ ಕಾಗದವನ್ನು ಯಾರೂ ನುಂಗಲಾರರು. “ನಿಮ್ಮ ಇಚ್ಛಾ,” ಎಂದರು.

ಆವಕ ವಿಭಾಗದ ಹೆಣ್ಣುಮಗಳು, “ಏನ್ ಕಾಕಾ, ಪೆನ್ಶನ್ನಿಂದೇನ್ರಿ?” ಎಂದು ನಗುತ್ತಾ ತೆಗೆದುಕೊಂಡಳು. ಮೊದಲ ಎರಡು ಸಾಲು ಓದಿ ನಗು ನಿಲ್ಲಿಸಿದಳು. ಮೊಹರು ಹಾಕಿ, ಸಂಖ್ಯೆ ಬರೆದು, ನನ್ನ ಪ್ರತಿಯನ್ನು ಕಣ್ಣೆತ್ತದೆ ಹಿಂದಕ್ಕೆ ಕೊಟ್ಟಳು. ನಾನು ಗೇಟು ದಾಟುವ ಮೊದಲೇ ಸುದ್ದಿ ಕ್ಯಾಂಟೀನು ಮುಟ್ಟಿರಬೇಕು. ಚಹಾ ಕುಡಿಯಲು ನಿಂತರೆ ಕ್ಯಾಂಟೀನಿನವನು ಗ್ಲಾಸು ಇಟ್ಟು ಒಳಗೆ ಹೋದ.

ಕಾರ್ಯಕ್ರಮ ಮುಂದಕ್ಕೆ ಹೋಗಿದೆ ಎಂದು ಫೋನು ಬಂತು, ಯಾವಾಗ ಎಂದು ಹೇಳಲಿಲ್ಲ. ಪುಸ್ತಕ ಏನಾಯಿತು ಎಂದು ನನಗೆ ತಿಳಿಯದು. ನಾನೂ ಕೇಳಿಲ್ಲ. ಹಬ್ಬಕ್ಕೆ ಫೋನು ಮಾಡುತ್ತಿದ್ದ ಹಳೆಯ ಜೊತೆಗಾರರು ಈ ಸಲ ಮಾಡಲಿಲ್ಲ. ಮಾಲಿ ಒಬ್ಬನೇ ಮಾಡಿ, “ಎಲ್ಲಾ ಬಿಟ್ಟು ಈಗ್ಯಾಕಲೇ ಕೆದರಿದಿ?” ಎಂದ.

ಮೊಹರು ಬಿದ್ದ ಪ್ರತಿಯನ್ನು ಇಳಕಲ್ಲಿಗೆ ರಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೆ. ಹದಿನೈದು ದಿನ ಏನೂ ಸುದ್ದಿ ಇರಲಿಲ್ಲ. ಮೊನ್ನೆ ಬೆಳಿಗ್ಗೆ ಅವಳ ಫೋನು ಬಂತು.

“ಕಾಗದ ಮುಟ್ಟಿತ್ರಿ,” ಎಂದಳು. “ಹುನಗುಂದಕ್ಕ ತಗೊಂಡ ಹೋಗಿದ್ದೆ. ಅಪ್ಪಗ ಈಗ ಕಣ್ಣು ಸರಿಯಾಗಿ ಕಾಣಂಗಿಲ್ಲ. ನಾನ ಓದಿದೆ.”

“ಏನಂದ್ರವ್ವ?”

“ಏನೂ ಅನಲಿಲ್ಲ. ಸೋಮವಾರದ್ದು ಐತಲ್ರಿ, ಅದೊಂದು ಇನ್ನೊಮ್ಮಿ ಓದು ಅಂದ. ಓದಿದೆ. ಮತ್ತೊಮ್ಮಿ ಓದು ಅಂದ.”

“ಇಡ್ತೇನ್ರಿ, ಸಾಲಿಗೆ ಹೊತ್ತಾತು,” ಎಂದು ಇಟ್ಟಳು.